ಒಂದೇ ಕೈಯಲ್ಲಿ ಎತ್ತಬಹುದಾದ ಪೆಟ್ಟಿಗೆ

೯ ಮಾರ್ಚ್, ಸೋಮವಾರ

ಚಿರಂಜೀವಿ ಮಗಳಿಗೆ,

ನಿನ್ನ ತಾಯಿಯ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆಯುತ್ತಿರು ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ, ಏಕೆಂದರೆ ನೀನು ಬರೆಯುವುದಿಲ್ಲ, ಫೋನು ಮಾಡುತ್ತೀಯೆ. ಫೋನಿನಲ್ಲಿ ಆಡಿದ ಮಾತಿಗೆ ಯಾರೂ ಹೊಣೆಯಲ್ಲ. ಅದಕ್ಕಾಗಿಯೇ ನಾನು ಕಾಗದ ಬರೆಯುವವಳು. ಈ ಸಲ ತಡವಾಯಿತು, ಕ್ಷಮಿಸು. ದಿನವೂ ಲೇಖನಿ ಹಿಡಿದು ಕೂರುತ್ತಿದ್ದೆ. ಕೋಪದಲ್ಲಿ ಬರೆದ ವಾಕ್ಯ ಉದ್ದವಾಗುತ್ತದೆ, ಉದ್ದವಾದದ್ದು ಸಡಿಲವಾಗುತ್ತದೆ. ಈಗ ಕೋಪ ಇಳಿದಿದೆ.

ಮೊದಲು ನಿನ್ನ ತಂದೆಯವರ ಸುದ್ದಿ. ಹರ್ನಿಯಾ ಶಸ್ತ್ರಚಿಕಿತ್ಸೆಯ ಗಾಯ ಮಾಗಿದೆ. "ಇನ್ಮೇಲೆ ನೀವು ತುಂಬಿದ ನೀರಿನ ಜಗ್ಗಿಗಿಂತ ಭಾರದ್ದು ಎತ್ತೋ ಹಾಗಿಲ್ಲ," ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದಾರೆ. ಅವರ ಹಳೆಯ ಆಂಪ್ಲಿಫೈಯರನ್ನು ನೀನು ಬಲ್ಲೆ: ಒಳಗೆ ಗಾಜಿನ ವಾಲ್ವುಗಳು, ಹೊರಗೆ ಒಂದು ಬೀರುವಿಗೆ ಆಗುವಷ್ಟು ಮರ. ಸಭಾಂಗಣಗಳ ಮೆಟ್ಟಿಲುಗಳಲ್ಲಿ ಅದನ್ನು ಹೊತ್ತು ಹೊತ್ತೇ ಈ ಗತಿ ಬಂದದ್ದು. ಆದರೂ ತಮ್ಮ ಬೇಸ್ ಗಿಟಾರಿನ ದನಿಗೆ ಬೇರೆ ಪೆಟ್ಟಿಗೆ ಒಗ್ಗದು ಎಂಬ ಹಟ. "ಹೆಂಡತಿ, ಆಂಪ್ಲಿಫೈಯರ್ ಎರಡೂ ತೂಕವಾಗಿದ್ರೇನೇ ಮನೆ ನಿಲ್ಲೋದು," ಎಂದು ನನ್ನೆದುರಿಗೇ ಹೇಳುವವರು ಅವರು.

ಹೀಗಿರುವಾಗ ಕಳೆದ ಮಂಗಳವಾರ ವಾದ್ಯಗೋಷ್ಠಿಯ ಯಜಮಾನ ಮನೆಗೆ ಬಂದ. ಮೀಸೆ ಮೂಡುವ ಮೊದಲು ನಿನ್ನ ತಂದೆಯವರ ಗಿಟಾರಿನ ಚೀಲ ಹಿಡಿದು ಹಿಂದೆ ಬರುತ್ತಿದ್ದವನು, ಈಗ ಯಜಮಾನ. "ಅಣ್ಣ, ಹೊಸ ನಮೂನೆ ಡಿಜಿಟಲ್ ಆಂಪ್ ಬಂದಿದೆ. ಒಂದೇ ಕೈಲಿ ಎತ್ಬಹುದು. ತಂಡಕ್ಕೆ ಒಂದು ತಗೊಳ್ಳೋಣ ಅಂತಿದೀನಿ. ನೀವು ಬಂದು ಕೇಳಿ ಹೇಳ್ಬೇಕು," ಎಂದ. ಅವನು ಹೋದ ಮೇಲೆ ನಿನ್ನ ತಂದೆಯವರು ಗಡ್ಡ ಹೆರೆದುಕೊಂಡರು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು.

ಮರುದಿನ ಅಂಗಡಿಗೆ ಹೋದೆವು. ಗಿಟಾರಿನ ಚೀಲ ಹೊರಲು ನಾನು. ಯಜಮಾನನೂ ಡ್ರಮ್ಸ್ ಬಾರಿಸುವವನೂ ಮೊದಲೇ ಬಂದಿದ್ದರು. ಪೆಟ್ಟಿಗೆ ನೋಡಿದರೆ ನನ್ನ ಹೊಲಿಗೆಯ ಪೆಟ್ಟಿಗೆಗಿಂತ ತುಸು ದೊಡ್ಡದು. ಅಂಗಡಿಯವನು ನನಗೆ ವಿವರಿಸಿದ: "ಇದು ಮಾಡೆಲಿಂಗ್ ಆಂಪ್, ಮೇಡಂ. ಒಳಗೆ ವಾಲ್ವ್ ಇಲ್ಲ, ಏನಿಲ್ಲ. ಹಳೇ ಆಂಪ್‌ಗಳ ದನಿ ಹೇಗಿತ್ತೋ ಹಾಗೇ ಲೆಕ್ಕ ಹಾಕಿ ಹೊರಡಿಸುತ್ತೆ."

"ಅಂದರೆ ಅನುಕರಣೆ," ಎಂದೆ.

"ಮಿಮಿಕ್ರಿ ಅನ್ಕೊಳ್ಳಿ."

ನಿನ್ನ ತಂದೆಯವರು ಅದನ್ನು ಎತ್ತಿ, ಅಂಗಡಿಯ ಈ ತುದಿಯಿಂದ ಆ ತುದಿಯವರೆಗೆ ನನಗೆ ನಡೆದು ತೋರಿಸಿದರು. "ನೋಡ್ರೀ ಟೀಚರಮ್ಮ, ಊಟದ ಡಬ್ಬಿ. ಇದನ್ನ ಹಿಡ್ಕೊಂಡು ಇನ್ನೂ ಹತ್ತು ವರ್ಷ ದುಡಿಯಬಹುದು." ಯಜಮಾನ ಫೋನು ನೋಡತೊಡಗಿದ.

ಮೊದಲ ದನಿ ಅವರಿಗೆ ಹಿಡಿಸಲಿಲ್ಲ. "ಪ್ಲಾಸ್ಟಿಕ್ ಬಕೆಟ್ ಒದ್ದ ಹಾಗಿದೆ," ಎಂದರು. ಆಮೇಲೆ ಕೆಲಸಕ್ಕಿಳಿದರು. ಬೇಸನ್ನು ಎದುರಿಗೆ ನಿಂತು ಪರೀಕ್ಷಿಸುವುದು ಆ ತಂಡದಲ್ಲಿ ಎಂದೂ ಇಲ್ಲ. ಒಬ್ಬನು ಪಕ್ಕದ ಕೋಣೆಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಗೋಡೆಗೆ ಅಂಗೈ ಇಡಬೇಕು. ನಿನ್ನ ತಂದೆಯವರೇ ಹಾಕಿಕೊಟ್ಟ ಪದ್ಧತಿ. ಡ್ರಮ್ಸಿನವನು ಉಗ್ರಾಣಕ್ಕೆ ಹೋದ. ಇವರು ಒಂದೊಂದೇ ಗುಂಡಿ ತಿರುಗಿಸಿ ಬಾರಿಸಿದಂತೆಲ್ಲ ಅವನು ಒಳಗಿನಿಂದ ಕೂಗುತ್ತಿದ್ದ: "ಇಲ್ಲಣ್ಣ, ಇನ್ನೂ ಗೋಡೆಗೆ ಬಂದಿಲ್ಲ." "ಈಗ ಬಂತು, ಆದ್ರೆ ನಡುಗ್ತಿದೆ." ಮಧ್ಯಾಹ್ನದ ಊಟದ ಹೊತ್ತು ಮೀರಿತು. ಅವರ ಹಣೆಯ ಬೆವರನ್ನು ನಾನು ಒರೆಸಿದೆ. ಅದನ್ನೂ ಅವರು ಗಮನಿಸಲಿಲ್ಲ. ಕೊನೆಗೆ ಗೋಡೆಯಾಚೆ ಸದ್ದಿಲ್ಲ. ಬಾಗಿಲು ತೆರೆದು ಬಂದ ಡ್ರಮ್ಸಿನವನು ಸುತ್ತ ನೋಡಿ ಕೇಳಿದ:

"ಹಳೇದನ್ನ ಯಾವಾಗ ತರ್ಸಿದ್ರಿ, ಅಣ್ಣ?"

ನಿನ್ನ ತಂದೆಯವರ ಮುಖವನ್ನು ನೀನು ನೋಡಬೇಕಿತ್ತು. ಅಂಗಡಿಯವನು ಆ ದನಿಯನ್ನು ಯಂತ್ರದ ನೆನಪಿನಲ್ಲಿ ಉಳಿಸಿದ. ಏನೆಂದು ಹೆಸರಿಡಲಿ ಎಂದು ಕೇಳಿದಾಗ ಯಜಮಾನ, "'ಅಣ್ಣ' ಅಂತಲೇ ಹಾಕು," ಎಂದ.

ಇವರು ಪೆಟ್ಟಿಗೆಯನ್ನು ಅದರ ಚೀಲಕ್ಕೆ ಇಳಿಸಿ ಹೆಗಲಿಗೆ ಏರಿಸಿಕೊಂಡರು.

"ಅದು ಇಲ್ಲೇ ಇರ್ಲಿ ಅಣ್ಣ," ಎಂದ ಯಜಮಾನ. "ಹದಿನೈದನೇ ತಾರೀಕು ಭಾನುವಾರ ಹೊಸಬರು ಬಂದು ತಗೊಂಡು ಹೋಗ್ತಾರೆ."

"ಯಾವ ಹೊಸಬರು?"

"ನಿಮಗೂ ವಿಶ್ರಾಂತಿ ಬೇಡ್ವಾ? ಜನ ಸ್ಟೇಜ್ ಮೇಲೆ ಚಿಕ್ಕ ವಯಸ್ಸಿನವರನ್ನ ಕೇಳ್ತಾರೆ. ನಿಮ್ಮ ದನಿಯಂತೂ ಇದರಲ್ಲಿ ಇದ್ದೇ ಇರುತ್ತಲ್ಲ, ಅಣ್ಣ." ಹಾಗೆಂದು ಅವರ ಹೆಗಲಿನ ಚೀಲವನ್ನು ಬೆರಳಿನಿಂದ ತಟ್ಟಿದ.

ಡ್ರಮ್ಸಿನವನು ಬಗ್ಗಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದ. ನಾನು ಸುಮ್ಮನಿರಲಿಲ್ಲ. "ಮನುಷ್ಯನಿಗೆ ಭಾರವಾಯಿತೆಂದು ಯಂತ್ರವನ್ನು ಬದಲಿಸುವುದನ್ನು ಕೇಳಿದ್ದೆ. ಯಂತ್ರ ಹಗುರವಾಯಿತೆಂದು ಮನುಷ್ಯನನ್ನೇ ಇಳಿಸಿ ಇಡುವುದನ್ನು ಇವತ್ತು ಕಂಡೆ," ಎಂದೆ.

"ಬಿಡೇ," ಎಂದರು ನಿನ್ನ ತಂದೆಯವರು. ಚೀಲವನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ, ಏನೂ ಆಗದವರಂತೆ, ಅಂಗಡಿಯವನ ಕಡೆ ತಿರುಗಿದರು: "ಬರೋರಿಗೆ ಒಂದು ಮಾತು ಹೇಳಪ್ಪ. ಹಾಲ್ ಖಾಲಿ ಇದ್ದಾಗ ಇದು ಸರಿ. ಜನ ತುಂಬಿದ ಮೇಲೆ ತಗ್ಗಿನ ಸ್ವರ ಒಂಚೂರು ಏರಿಸ್ಬೇಕು. ಜನರ ಮೈ ಅದನ್ನ ಕುಡಿದುಬಿಡುತ್ತೆ. ಬೇಡ ಬಿಡು, ಹೇಳಿದ್ರೆ ತಿಳಿಯಲ್ಲ, ಗೋಡೆ ಹತ್ರ ನಿಲ್ಲಿಸ್ಬೇಕು. ಭಾನುವಾರ ನಾನೇ ಬಂದು ತೋರಿಸಿಕೊಡ್ತೀನಿ."

"ಯಾಕಣ್ಣ ಸುಮ್ನೆ ತೊಂದರೆ," ಎಂದ ಯಜಮಾನ, ಬಹಳ ಬೇಗ.

"ನನಗೇನು ತೊಂದರೆ? ಕೆಲಸ ಇಲ್ವಲ್ಲ."

ಅಂದಿನಿಂದ ಅವರು ಗಿಟಾರನ್ನು ಮುಟ್ಟಿಲ್ಲ. ಹಳೆಯ ಆಂಪ್ಲಿಫೈಯರಿನ ಮೇಲೆ ಇಸ್ತ್ರಿ ಬಟ್ಟೆ ಜೋಡಿಸಿಕೊಳ್ಳಲು ನನಗೆ ಹೇಳಿದ್ದಾರೆ. ನಿನ್ನೆ ಊಟದ ನಡುವೆ ನಿನ್ನ ಮಾತು ತೆಗೆದರು: "ಮಗಳಿಗೆ ಬರಿ. ಅವಳು ಆ ಯಜಮಾನನ ಜನ್ಮ ಜಾಲಾಡಿಬಿಡ್ತಾಳೆ. ನನ್ನ ಪರ ಜಗಳಕ್ಕೆ ನಿಲ್ಲೋಳು ಅವಳೊಬ್ಬಳೇ." ಅವರ ನಂಬಿಕೆ ಸಹಜವೇ. ನೀನು ಲೆಕ್ಕದಲ್ಲಿ ಚುರುಕಾಗಿದ್ದೆ; ನಾನು ಬೇಡವೆಂದರೂ ನಿನ್ನ ಬೆರಳುಗಳನ್ನು ಆ ದಪ್ಪ ತಂತಿಗಳ ಮೇಲೆ ಇಟ್ಟು, ಬೊಬ್ಬೆ ಎದ್ದಾಗ ಊದಿ, ಈ ವಿದ್ಯೆ ಕಲಿಸಿದವರು ಅವರು. ನೀನು ಬೇರೆ ಊರಿನಲ್ಲಿ ಅದೇ ವಿದ್ಯೆಯಿಂದ ಅನ್ನ ತಿನ್ನುತ್ತಿರುವುದು ಅವರಿಗೆ ಹೆಮ್ಮೆ. ಅವರು ಹೇಳಿದಂತೆ ಬರೆದಿದ್ದೇನೆ.

ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಹಿಡಿದ ಕೆಲಸ ನಿನ್ನ ಕೈಹಿಡಿಯಲಿ, ಕಲಿಸಿದವರ ಹೆಸರು ನಿನ್ನಿಂದ ಉಳಿಯಲಿ ಎಂದು ಹರಸುವ,

ನಿನ್ನ ತಾಯಿ

ಮತ್ತೊಂದು ಮಾತು: ಅಂಗಡಿಯಿಂದ ಬಂದ ಮರುದಿನ ಯಜಮಾನ ನನಗೆ ಫೋನು ಮಾಡಿದ್ದ. "ಭಾನುವಾರ ಅಣ್ಣನನ್ನ ಹೇಗಾದ್ರೂ ಮನೇಲಿ ಹಿಡ್ಕೊಳ್ಳಿ, ಮೇಡಂ. ಅವರ ಜಾಗಕ್ಕೆ ಹೊರಗಿನವರು ಯಾಕೆ ಅಂತ ನಿಮ್ಮ ಮಗಳನ್ನೇ ಕೇಳಿದ್ದು. ಒಂದೇ ಮಾತಿಗೆ ಒಪ್ಕೊಂಡ್ರು. ಅಪ್ಪನಿಗೆ ನಾನೇ ಹೇಳ್ತೀನಿ ಅಂದಿದ್ರು. ಇನ್ನೂ ಹೇಳಿಲ್ವಾ?" ಎಂದ. ಹೇಳಿದ್ದಾಳೆ ಎಂದೆ, ಅವನೆದುರು ನನ್ನ ಮಗಳ ಮಾನ ಕಳೆಯಲು ಮನಸ್ಸು ಬರಲಿಲ್ಲ.

ಇದನ್ನು ಮೊದಲ ಸಾಲಿನಲ್ಲೇ ಬರೆಯಬಹುದಿತ್ತು. ಏನೂ ಅರಿಯದ ತಾಯಿಯ ಪತ್ರವೆಂದುಕೊಂಡು ನೀನು ಇಲ್ಲಿಯವರೆಗೆ ನೆಮ್ಮದಿಯಾಗಿ ಓದಲಿ ಎಂದು ಬಯಸಿದೆ. ನಿನ್ನ ತಂದೆಯವರಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅವರನ್ನು ಮನೆಯಲ್ಲಿ ಹಿಡಿದುಕೊಳ್ಳುವುದೂ ಇಲ್ಲ. ಭಾನುವಾರ ತೊಡಲು ಬಿಳಿಯ ಅಂಗಿ ತೆಗೆದಿಟ್ಟುಕೊಂಡಿದ್ದಾರೆ. ಈ ಕಾಗದ ಶುಕ್ರವಾರ ನಿನ್ನ ಕೈಸೇರುತ್ತದೆ. ತಪ್ಪಿಸಿಕೊಳ್ಳಬೇಡ, ಬಾ. ಹತ್ತು ಗಂಟೆಗೆ ಅವರು ಅಂಗಡಿಯ ಉಗ್ರಾಣದೊಳಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಗೋಡೆಗೆ ಅಂಗೈ ಇಟ್ಟು ನಿಂತಿರುತ್ತಾರೆ. ನೀನು ಬಾರಿಸು. ನಿನ್ನ ಕೈ ಯಾವುದೆಂದು ಅವರಿಗೆ ಬಾಗಿಲು ತೆರೆಯುವ ಮೊದಲೇ ತಿಳಿಯುತ್ತದೆ.