ಒಂಬತ್ತೂ ಹತ್ತರ ಫೋನು

ಘಾಟಬೋರಾಳ
22 ಜೂನ್ 2025

ಮಗಳು ವಿಶಾಖಾಗೆ ನಿನ್ನ ಅಂಬಾದಾಸ ಮಾಮಾನ ಜೈಭೀಮ್.

ನಿನ್ನ ಕಾಗದ ಬಂದು ತಿಂಗಳಾಯಿತು. ತಡವಾಯಿತೆಂದು ಬೈಯಬೇಡ. ಎರಡು ಸಲ ಉತ್ತರ ಬರೆದು ಹುಮನಾಬಾದ್ ಅಂಚೆ ಕಚೇರಿಯ ತನಕ ಒಯ್ದು, ಜೇಬಿನಲ್ಲೇ ವಾಪಸು ತಂದೆ. "ಫೋನಿನ್ಯಾಗ ನೀವು ಮಾತು ಹೊಳ್ಳಸ್ತೀರಿ ಮಾಮಾ, ಬರದು ಕಳಸ್ರಿ" ಎಂದಿದ್ದೀ. ಬರೆಯುವುದಕ್ಕೆ ನನಗೇನು? ಏಳನೆಯ ತರಗತಿಗೇ ಶಾಲೆ ಬಿಟ್ಟರೂ ಈ ಊರಿನ ಅರ್ಜಿಗಳನ್ನೆಲ್ಲ ಬರೆದವನು ನಾನೇ. ನನ್ನ ಅಕ್ಷರ ನೋಡಿ ತಹಸೀಲ್ದಾರರೇ ಕನ್ನಡಕ ತೆಗೆದು ಒರೆಸಿಕೊಂಡಿದ್ದಾರೆ. ಬಸವಕಲ್ಯಾಣಕ್ಕೆ ನಿನ್ನ ಮನೆಗೆ ಬಂದ ಮೇಲೆ ನಿಮ್ಮವ್ವ, ನನ್ನ ತಂಗಿ ಮುಕ್ತಾಬಾಯಿ, ಎರಡು ತುತ್ತು ಉಣ್ಣುತ್ತಾಳೆಯೇ?

ವಿಮಾನ ಬಿದ್ದದ್ದರ ಬಗ್ಗೆ ತನಿಖೆಯವರ ವರದಿ ಬಂತು. ಪೈಲಟ್‌ನ ರಕ್ತದಲ್ಲಿ ಮದ್ಯ ಇತ್ತಂತೆ. ಇದನ್ನು ಕಂಡುಹಿಡಿಯಲು ಆ ಸಾಹೇಬರಿಗೆ ಎರಡು ತಿಂಗಳು ಬೇಕಾಯಿತು! ಹಿಂದಿನ ದಿನ ಅವನು ಜಾಗ ನೋಡಲು ಬಂದಾಗಲೇ ನಾನು ಅಳೆದಿದ್ದೆ: ಕಪ್ಪು ಕನ್ನಡಕ, ಬಾಯಿ ತುಂಬ ಏಲಕ್ಕಿ. "ಕಣ್ಣು ಮುಚ್ಚಿ ಹಾರಸ್ತೀನ್ರಿ ಚಾಚಾ" ಅಂದ. ಅಂಥವನ ಕೈಗೆ ನಮ್ಮ ಓಣಿಯವರು ಸೈಕಲ್ಲನ್ನೂ ಕೊಡುವುದಿಲ್ಲ.

ಇನ್ನು ಆ ಓಂಪ್ರಕಾಶ ಸೇಠ. ಚುನಾವಣೆಗೆ ನಿಲ್ಲುವ ಆಸೆ ಅವನಿಗೆ. ಜಯಂತಿಯ ದಿನ ಬಾಬಾಸಾಹೇಬರ ಹೊಸ ಮೂರ್ತಿಯ ಮೇಲೆ ಆಕಾಶದಿಂದ ಹೂ ಸುರಿಸುತ್ತೇನೆಂದು, ಇಬ್ಬರೇ ಕೂರುವ ವಿಮಾನವೊಂದನ್ನು ಬಾಡಿಗೆಗೆ ತಂದ. ವಿಮಾನ ಅನ್ನಬೇಕು ಅಷ್ಟೇ, ರೆಕ್ಕೆ ಹಚ್ಚಿದ ತಗಡಿನ ಡಬ್ಬಿ. ಮನ್ನಾಏಖೇಳ್ಳಿ ಹತ್ತಿರ ಅವನ ಮಾರಾಟವಾಗದ ಪ್ಲಾಟುಗಳ ನಡುವಿನ ಡಾಂಬರು ರಸ್ತೆಯೇ ವಿಮಾನ ನಿಲ್ದಾಣ! ಹೂವಿನ ಅಂಗಡಿಯ ನಿನ್ನ ತಮ್ಮ ಸಮ್ಯಕನನ್ನೇ ಹೂ ಚೆಲ್ಲಲು ಕೂರಿಸಿ ಎಂದು ಅವನಿಗೆ ಗಂಟುಬಿದ್ದವನು ನಾನು. ಎಂಟು ದಿನ ಮೊದಲೇ ಊರಿಗೆಲ್ಲ ಸಾರಿದ್ದೆ.

ಎರಡು ಸುತ್ತು ಚೆಂಡುಹೂ ಬಿತ್ತು, ಜನ ಕುಣಿದರು. ಮೂರನೆಯ ಸುತ್ತಿನಲ್ಲಿ ವಿಮಾನ ವಾಲಿ ಕಬ್ಬಿನ ಹೊಲಕ್ಕೆ ಬಿತ್ತು. ಇಬ್ಬರೂ ಉಳಿಯಲಿಲ್ಲ. ಮಣ್ಣಾದ ಮರುದಿನ ಸೇಠ ಫೋಟೋದವನನ್ನು ಕರೆದುಕೊಂಡೇ ಮನೆಗೆ ಬಂದ. "ಸಮ್ಯಕ ನನ್ನ ಮಗನಿದ್ದಂಗ ಇದ್ದ" ಅಂದ. "ಹಂಗಾದ್ರ ನಿಮ್ಮ ಮಗನ್ನೇ ಯಾಕ ಕೂಡಸಲಿಲ್ರಿ ಸೇಠಜಿ?" ಅಂದೆ. ಫೋಟೋದವನು ಕ್ಯಾಮೆರಾ ಇಳಿಸಿದ. ಊರು ಇವತ್ತಿಗೂ ಆ ಮಾತು ಆಡುತ್ತದೆ.

ನೀನು ಕೇಳಿದ್ದು ಇದ್ಯಾವುದೂ ಅಲ್ಲ, ಗೊತ್ತು. ವಿಮಾನ ಏಳುವ ಮೊದಲು, ಒಂಬತ್ತೂ ಹತ್ತಕ್ಕೆ, ಸಮ್ಯಕ ನನಗೆ ಫೋನ್ ಮಾಡಿದ. ನಾನು ಮೂರ್ತಿಯ ಮುಂದಿನ ವೇದಿಕೆಯ ಮೇಲಿದ್ದೆ, ಮೈಕ್ ನನ್ನ ಕೈಯಲ್ಲಿತ್ತು. ನಾನು ಅಂದದ್ದು ಎಲ್ಲರಿಗೂ ಕೇಳಿತು, ಅವನು ಅಂದದ್ದು ನನಗೊಬ್ಬನಿಗೆ. ಅವನು ಏನಂದ ಎಂದು ಕೇಳಿದ್ದೀ. "ಹೊಂಟೀನ್ರಿ ಮಾಮಾ" ಅಂದ. ಅಷ್ಟೇ.

ನಿನ್ನ ಗಂಡ ಅಜೀತ ಚೆನ್ನಾಗಿರಲಿ. ನಿನ್ನ ಮಕ್ಕಳು ನನಗಿಂತ ಹೆಚ್ಚು ಓದಲಿ, ನನಗಿಂತ ಕಡಿಮೆ ಮಾತಾಡಲಿ.

ನಿನ್ನ ಮಾಮಾ,
ಅಂಬಾದಾಸ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದಿದ್ದೇನೆ. ಅಷ್ಟೇ ಅಲ್ಲ ಮಗಳೇ. ಮೊದಲು ಅವನು, "ಮಾಮಾ, ಮೈಕ್ ಬಿಟ್ಟು ಬಾಜೂಕ ಬರ್ರಿ. ಪೈಲಟ್ ಕುಡದಾನ, ಕಾಲ ನಿಂದ್ರವಲ್ವು. ನಾ ಇಳದ ಬಿಡ್ಲೇನ್ರಿ?" ಅಂದ. ಮುಂದೆ ಎರಡು ಊರಿನ ಜನ ಕೂತಿತ್ತು. ನಾನು ಮೈಕಿನಲ್ಲೇ, "ಹೆದರಿದಿ ಏನಲೇ, ಹುಲಿಯಂಥ ಮಾಮಾನ ಅಳಿಯಾ?" ಅಂದೆ. ಎಲ್ಲರೂ ನಕ್ಕರು. ಆ ನಗು ಅವನಿಗೂ ಕೇಳಿಸಿರಬೇಕು. ಆಮೇಲೆ, "ಇಲ್ರಿ. ಹೊಂಟೀನ್ರಿ ಮಾಮಾ" ಅಂದ.

ಆ ಪೈಲಟ್ ಕುಡಿದಿದ್ದ. ನಾನು ಕುಡಿದಿರಲಿಲ್ಲ.

ಇನ್ನು ನೀನು ನನ್ನ ಹೊಸ್ತಿಲು ತುಳಿಯದಿದ್ದರೂ ಸರಿ. ಆದರೆ ನಿಮ್ಮವ್ವನಿಗೆ ಈ ಕಾಗದವನ್ನು ನನ್ನ ಸಹಿಯ ತನಕ ಮಾತ್ರ ಓದಿ ಹೇಳು. ಅಂದು ಮುಂದಿನ ಸಾಲಿನಲ್ಲಿ ಕೂತು ಅವಳೂ ನಕ್ಕಿದ್ದಳು.