ಒತ್ತದ ಸ್ಟಾಪ್‌ವಾಚ್

ಮಾರ್ಚ್ ೯, ಭಾನುವಾರ
ಲಾಂಡ್ರಿಯ ಹಿಂದಿನ ಕೋಣೆಯಿಂದ

ನನ್ನ ದೊಡ್ಡ ಮಗಳಿಗೆ,

ಅಮ್ಮನ ಆಶೀರ್ವಾದ. ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಲಾಡ್ಜಿನವರ ಹೊದಿಕೆಗಳೆಲ್ಲ ಒಟ್ಟಿಗೆ ಬಂದು ಬಿದ್ದವು, ಪೆನ್ನು ಹಿಡಿಯಲು ಕೈ ಬಿಡುವಾಗಲಿಲ್ಲ. ಆಸ್ಪತ್ರೆಯಲ್ಲಿ ಕಾಲಿನ ಪಟ್ಟಿ ಬಿಚ್ಚಿದರೇ? ಇನ್ನು ಓಟ ಬೇಡವೆಂದು ಡಾಕ್ಟರು ಹೇಳಿದ್ದನ್ನು ನೀನು ಒಂದೇ ಸಾಲಿನಲ್ಲಿ ಬರೆದಿದ್ದೀಯ. ನಾನೂ ಒಂದೇ ಸಲ ಓದಿ ಮಡಚಿಟ್ಟೆ.

ಮೊಣಕಾಲ ಕೆಳಗೆ ನೋವು ಎಂದು ನೀನು ಗೋಗರೆದಾಗ ನಿಮ್ಮ ಕೋಚ್ ಏನಂದಿದ್ದ? "ನಿಮ್ಮ ಕಪ್ಪು ಬಣ್ಣದವರಿಗೆ ಎಂಥ ನೋವಮ್ಮ? ಹುಟ್ಟಾ ಓಟಗಾರರು, ಓಟ ನಿಮ್ಮ ರಕ್ತದಲ್ಲೇ ಇದೆ, ಕಬ್ಬಿಣದ ಮೂಳೆ. ಓಡು." ಕಬ್ಬಿಣ ಬಿರುಕುಬಿಟ್ಟಿತು. ಈಗ ನೀನು ಮೈಗಳ್ಳಿ ಎಂದು ಊರೆಲ್ಲ ಹೇಳುತ್ತಿದ್ದಾನೆ. ಲೆಕ್ಕ ನೋಡು: ಗೆದ್ದರೆ ಜಮೆ ರಕ್ತಕ್ಕೆ, ಬಿದ್ದರೆ ಖರ್ಚು ನಿನಗೆ. ಇಂಥ ಗಿರಾಕಿಯನ್ನು ನಾನು ಬಾಗಿಲಲ್ಲೇ ಸಾಗಹಾಕುವವಳು.

ಆದರೂ ಮೊನ್ನೆ ಅವನು ಲಾಂಡ್ರಿಗೆ ಬಂದಾಗ ಸ್ಟೂಲು ಕೊಟ್ಟೆ. ನಿನ್ನ ಜಾಗಕ್ಕೆ ಹುಡುಗಿ ಬೇಕಿತ್ತು ಅವನಿಗೆ. ನಿನ್ನ ತಂಗಿ ಗಿಡ್ಡಿ ಕುಣಿದುಕೊಂಡು ಮುಂದೆ ಬಂದಳು. ಕರು ಕೊಳ್ಳುವವನ ಹಾಗೆ ಬಗ್ಗಿ ಅವಳ ಮೀನಖಂಡ ನೋಡಿದ.

"ಅಕ್ಕ ನಿಮ್ಮ ಕಡೆ. ಇವಳು ಅಪ್ಪನ ಬಣ್ಣ, ಅಪ್ಪನ ಕಾಲು. ಆಗಲ್ಲ ಬಿಡಿ."

ಇಸ್ತ್ರಿ ಮಾಡುತ್ತಿದ್ದ ನಿಮ್ಮಪ್ಪ ತಮ್ಮ ಕಾಲನ್ನೇ ನೋಡಿಕೊಂಡರು. "ಇಷ್ಟು ವರ್ಷ ಇದರ ಮೇಲೇ ನಿಂತಿದ್ದೀನಿ ಸಾರ್. ಒಂದಿನಾನೂ ಕೂತ್ಕೋ ಅಂದಿಲ್ಲ ಇದು."

"ಓಡಿಸಿ ನೋಡಿ, ಬಾಯಲ್ಲೇ ಅಳೀಬೇಡಿ," ಎಂದೆ ನಾನು.

ನಿನ್ನೆ ಮೈದಾನದಲ್ಲಿ ಆರು ಹುಡುಗಿಯರನ್ನು ಓಡಿಸಿದ. ಐವರು ನಮ್ಮ ಬಣ್ಣದವರು, ಜೊತೆಗೆ ಗಿಡ್ಡಿ. ಒಬ್ಬೊಬ್ಬರಿಗೆ ಒಂದೊಂದು ಸ್ಟಾಪ್‌ವಾಚ್. ಉಳಿದ ಐದು ಬೇರೆಯವರ ಕೈಯಲ್ಲಿ, ಗಿಡ್ಡಿಯದು ಅವನ ಕೈಯಲ್ಲೇ ಇತ್ತು. ಎಲ್ಲರಿಗಿಂತ ಮೊದಲು ಗೆರೆ ದಾಟಿದವಳು ಗಿಡ್ಡಿ.

"ಎಷ್ಟಾಯ್ತು ಸಾರ್?"

ಅವನು ಕೈ ನೋಡಿಕೊಂಡ. ಸೊನ್ನೆ. ಅವಳದನ್ನು ಒತ್ತಿರಲೇ ಇಲ್ಲ.

"ನಿಂದು ಬೇಕಾಗಲ್ಲ ಅಂದ್ಕೊಂಡಿದ್ದೆ ಪುಟ್ಟಿ."

"ಇನ್ನೊಂದ್ಸಲ ಓಡ್ಲಾ?"

"ಬೇಡ. ಇವತ್ತು ಉಳಿದವರಿಗೆ ಮೈ ಸರಿ ಇರಲಿಲ್ಲ."

ಕೊನೆಗೆ ಆ ಐವರಲ್ಲಿ ಆರಿಸಿದ್ದು ಮೂಲೆಮನೆ ಚಿಕ್ಕಮ್ಮನ ಮಗಳನ್ನು. ಬಸ್ಸು ಕಣ್ಣೆದುರೇ ಹೊರಟರೂ ಓಡದೆ ಮುಂದಿನದಕ್ಕೆ ಕಾಯುವ ಮಹಾತಾಯಿ! ಆರಿಸಿದ್ದಕ್ಕೆ ಅವಳಿಗೆ ಅಳುವೇ ಬಂದಿತ್ತು.

ರಕ್ತವಂತೆ. ನಮ್ಮವರಿಗೆ ಇವರು ತೆರೆದಿಟ್ಟ ಬಾಗಿಲು ಮೈದಾನದ್ದೊಂದೇ. ಹಾಗಾಗಿ ಅಲ್ಲಿಗೇ ನುಗ್ಗಿದೆವು. ಕಚೇರಿಯ ಬಾಗಿಲು ತೆರೆದಿದ್ದರೆ ಗುಮಾಸ್ತಿಕೆಯೂ ನಮ್ಮ ರಕ್ತದಲ್ಲೇ ಇದೆ ಎನ್ನುತ್ತಿದ್ದರು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಾಲು ಕೆಳಗಿಡುವ ಅವಸರ ಬೇಡ. ನಿನಗೆ ಒಳ್ಳೆಯದಾಗಲಿ, ನೂರು ಕಾಲ ಬಾಳು.

ಇಂತು ನಿನ್ನ,
ಅಮ್ಮ

ತಾ.ಕ.: ನಿನ್ನ ಓಟದ ಬೂಟನ್ನು ಗಿಡ್ಡಿ ಒರೆಸಿಟ್ಟುಕೊಂಡಿದ್ದಾಳೆ. ಬಟ್ಟೆ ಮಡಚುತ್ತಾ ಕೇಳಿದಳು: "ಅಮ್ಮಾ, ಅಕ್ಕ ಹೇಗೂ ಆಸ್ಪತ್ರೇಲೇ ಇದ್ದಾಳಲ್ಲ, ಅವಳ ರಕ್ತ ಒಂಚೂರು ನನಗೆ ಹಾಕ್ಸು. ಅವಳಿಗೆ ಇನ್ಯಾಕೆ ಬೇಕು?" ಬೈಯಲು ಬಾಯಿ ತೆರೆದೆ. ಸುಟ್ಟ ವಾಸನೆ ಬಂದು ತಿರುಗಿದೆ. ನಿಮ್ಮಪ್ಪ ಇಸ್ತ್ರಿ ಪೆಟ್ಟಿಗೆಯನ್ನು ಗಿರಾಕಿಯ ಅಂಗಿಯ ಮೇಲೇ ಬಿಟ್ಟು ಹೊರಗೆ ಹೋಗಿದ್ದರು.