ಬಳೆ ಸದ್ದು ಮಾಡದಾಗ

೪ ಸೆಪ್ಟೆಂಬರ್ ೨೦೧೨, ಮಂಗಳವಾರ, ಚಂದಾಪುರ

ಗೀಸರ್ ಆರಿಸದೆ ಬಿಟ್ಟವರು ಯಾರೆಂದು ಬೆಳಿಗ್ಗೆ ಪಿಜಿ ಆಂಟಿ ಕೇಳಿದರು. "ನಾನಲ್ಲ ಆಂಟಿ" ಎಂದಳು ನೀಲಕ್ಕ. ಅವಳ ಒದ್ದೆ ಕೂದಲಿನಿಂದ ಇನ್ನೂ ಹಬೆ ಏಳುತ್ತಿತ್ತು. ಸದಾ ಗಲಗಲ ಎನ್ನುವ ಅವಳ ಬಳೆಗಳು ಮಾತ್ರ ಆಗ ಸದ್ದೇ ಮಾಡಲಿಲ್ಲ.

ಸಂಜೆ ಪೋಕರ್ ಆಡಿದೆವು. ಪಣ, ಕಾವ್ಯಾ ಖಾಲಿ ಮಾಡಿದ ಕಿಟಕಿ ಪಕ್ಕದ ಮಂಚ. ರೂಮಿನ ದೀಪ ಆರಿಸಿದ ಮೇಲೂ ಅಲ್ಲಿ ಬೀದಿದೀಪದ ಬೆಳಕಿನಲ್ಲಿ ಓದಬಹುದು. ಕೊನೆಗೆ ಉಳಿದವರು ನಾನು ಮತ್ತು ನೀಲಕ್ಕ. ನಾನು ಇಪ್ಪತ್ತು ಹುಣಸೆಬೀಜ ಇಟ್ಟೆ. ಅವಳು ಅರವತ್ತಕ್ಕೆ ಏರಿಸಿದಳು. ಸರಿಗಟ್ಟಲು ನನ್ನ ಬಳಿ ಉಳಿದ ಅಷ್ಟೂ ಬೀಜ ಇಡಬೇಕು.

"ಏನವ್ವಾ ಎಂ.ಎ. ಮೇಡಂ, ಇಡ್ತೀಯೋ, ಎಲೆ ಬಿಸಾಕ್ತೀಯೋ? ಮಂಚಕ್ಕೆ ನನ್ ಚಾದರ ಹಾಸ್ಲಾ?"

ಅಷ್ಟರಲ್ಲಿ ಅವಳ ಕಾಲ್ ಸೆಂಟರಿನ ಕ್ಯಾಬ್ ಹಾರ್ನ್ ಹೊಡೆಯಿತು. ನಮ್ಮ ರೂಮಿನ ನಿಯಮದಂತೆ ಇಬ್ಬರೂ ಕೈಯಲ್ಲಿನ ಎರಡೆರಡು ಎಲೆಗಳನ್ನು ಸ್ಟೀಲ್ ಲೋಟದಡಿ ಮುಚ್ಚಿಟ್ಟೆವು. ಅವಳು ಮರಳುವವರೆಗೆ ಯಾರೂ ಮುಟ್ಟುವಂತಿಲ್ಲ.

ನನ್ನದು ಬರೀ ಒಂಬತ್ತರ ಜೋಡಿ. ನಡುವೆ ಬಿಚ್ಚಿಟ್ಟ ಐದು ಎಲೆಗಳಲ್ಲಿ ಮೂರು ಆಟೀನು. ಅವಳ ಲೋಟದಡಿ ಇನ್ನೆರಡು ಆಟೀನಿದ್ದರೆ ಐದೂ ಒಂದೇ ಜಾತಿಯಾಗಿ ನನ್ನ ಜೋಡಿ ಸೋಲುತ್ತದೆ, ಮಂಚ ಅವಳದ್ದೇ. ಊಟ ಮಾಡುವಾಗಲೂ ಇದೇ ಯೋಚನೆ.

ಆದರೆ ಬೀಜಗಳನ್ನು ಮುಂದೆ ತಳ್ಳುವಾಗ ಅವಳ ಕೈಯಿಂದ ಒಂದು ಬಳೆಯ ಸದ್ದೂ ಬರಲಿಲ್ಲ. ಕ್ಯಾಬಿಗೆ ಓಡುವಾಗ ಮೆಟ್ಟಿಲುದ್ದಕ್ಕೂ ಗಲಗಲ.

ಬೆಳಿಗ್ಗೆ ಅವಳು ಚಪ್ಪಲಿ ಬಿಡುವ ಮೊದಲೇ ಅಷ್ಟೂ ಬೀಜ ಮುಂದಿಡುತ್ತೇನೆ. ಒಗೆದ ಚಾದರ ಈಗಲೇ ತೆಗೆದಿಟ್ಟಿದ್ದೇನೆ.